ಶಿಫಾರಸು ಅಂದ್ರೆ ಸಾಕ್ಷಿ ಹೇಳೋದು

(ಸಂಘದ ವಾರ್ಷಿಕೋತ್ಸವದ ಸಂಜೆ ತೆಪ್ಪಕಾಡಿನಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಾರ್ಯದರ್ಶಿಗಳು ನನಗೆ ಕೊಟ್ಟ ವಿಷಯ ‘ವಿದ್ಯಾರ್ಥಿಗಳಿಗೆ ಮಾರ್ಗದರ್ಶನ’. ಅದು ಕಾಡಿನಷ್ಟು ದೊಡ್ಡ ವಿಷಯ. ಒಳಗೆ ಹೋದ್ರೆ ದಾರಿ ತಪ್ಪುತ್ತೆ. ಅದಕ್ಕೆ ನಾನು ಒಂದೇ ಒಂದು ಕಾಗದದ ಬಗ್ಗೆ ಮಾತಾಡ್ತೀನಿ. ಆ ಕಾಗದ ಈಗ ನನ್ನ ಬ್ಯಾಗಲ್ಲೇ ಇದೆ.

ನಮ್ಮ ಕೇರಿಯ ಒಂದು ಕೂಸು ಊಟಿಯ ಸರ್ಕಾರಿ ಕಲಾ ಕಾಲೇಜಲ್ಲಿ ಬಿ.ಎಸ್ಸಿ. ಗಣಿತ ಓದ್ತಾ ಇದಾಳೆ. ಎರಡನೇ ವರ್ಷ ಮುಗೀತಾ ಬಂತು. ಹೆಸರು ಹೇಳಲ್ಲ, ಅವಳೇ ಬೇಡ ಅಂದಿದಾಳೆ. ಇಲ್ಲಿ ಕೂತಿರೋರಿಗೆಲ್ಲ ಯಾರು ಅಂತ ಗೊತ್ತು, ಅದು ಬೇರೆ ಮಾತು. ಕೊಯಮತ್ತೂರಲ್ಲಿ ನೀರಿನ ಪಂಪು ಮಾಡೋ ಒಂದು ಕಾರ್ಖಾನೆಯವರು ಬೇಸಿಗೆ ರಜೆಯಲ್ಲಿ 6 ವಾರ ವಿದ್ಯಾರ್ಥಿಗಳನ್ನ ಇಂಟರ್ನ್‌ಶಿಪ್‌ಗೆ ತಗೋತಾರಂತೆ. ಅದರ ಅರ್ಜಿ ಹಿಡ್ಕೊಂಡು ಅವಳು ಹೋದ ತಿಂಗಳು ನನ್ನ ಹತ್ರ ಬಂದಳು. ಹೈಸ್ಕೂಲಲ್ಲಿ ಅವಳಿಗೆ ಲೆಕ್ಕ ಹೇಳಿಕೊಟ್ಟವನು ನಾನು.

ಇಂಟರ್ನ್‌ಶಿಪ್ ಅಂದ್ರೆ ಏನಪ್ಪ ಅಂತ ದೊಡ್ಡವರು ಕೇಳಬಹುದು. ನಮ್ಮ ಆನೆ ಶಿಬಿರ ನೋಡಿದವರಿಗೆ ಅದನ್ನ ವಿವರಿಸೋದು ಕಷ್ಟ ಅಲ್ಲ. ಕಾವಾಡಿ ಆದವನು ಮಾವುತನ ಪಕ್ಕದಲ್ಲಿ ನಿಂತು, ಮೇವು ಕೊಟ್ಟು, ನದಿಯಲ್ಲಿ ಮೈ ಉಜ್ಜಿ, ಆನೆಯ ಕಿವಿ ಯಾವಾಗ ನಿಲ್ಲುತ್ತೆ ಅಂತ ನೋಡ್ತಾ ನೋಡ್ತಾ ಕಲೀತಾನೆ. ಪುಸ್ತಕ ಓದಿ ಯಾರೂ ಮಾವುತ ಆಗಿಲ್ಲ. ಎಂಜಿನಿಯರ್ ಕೆಲಸವೂ ಹಾಗೇನೇ. ಓದ್ತಾ ಇರುವಾಗಲೇ ಕೆಲವು ವಾರ ಯಂತ್ರದ ಪಕ್ಕ ನಿಂತು ಕಲಿಯೋದು. ಆಮೇಲೆ ಕೆಲಸ ಕೇಳೋಕೆ ಹೋದಾಗ ಮೊದಲು ಕೇಳೋ ಪ್ರಶ್ನೆ ‘ಎಲ್ಲಿ ಇಂಟರ್ನ್‌ಶಿಪ್ ಮಾಡಿದ್ದೀಯ’ ಅಂತ.

ಅರ್ಜಿಯಲ್ಲಿ ಮಾರ್ಕು, ಕಾಲೇಜು ಎಲ್ಲಾ ಬರೆಯೋಕೆ ಜಾಗ ಇದೆ. ಓದ್ತಿರೋ ವಿಭಾಗ ಅಂತ ಕಡೆ ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಸಿವಿಲ್ ಅಂತ ಸಾಲಾಗಿದೆ. ಗಣಿತ ಇಲ್ಲ. ಕೊನೆಯಲ್ಲಿ ‘ಇತರೆ’ ಅಂತ ಒಂದು ಚೌಕ. ಕೆಳಗೆ, ಅಭ್ಯರ್ಥಿಯನ್ನು ಚೆನ್ನಾಗಿ ಬಲ್ಲ ಇಬ್ಬರಿಂದ ಶಿಫಾರಸು ಪತ್ರ ಲಗತ್ತಿಸಿ ಅಂತ ಬರೆದಿದಾರೆ. ಅವಳು ಆ ಸಾಲಿನ ಮೇಲೆ ಬೆರಳಿಟ್ಟು, ‘ಸಾರ್, ನನಗೆ ಯಾರು ಗೊತ್ತು?’ ಅಂದಳು.

ಶಿಫಾರಸು ಅನ್ನೋ ಮಾತು ಕೇಳಿದ್ರೆ ನಮ್ಮೋರಿಗೆ ಮೊದಲು ನೆನಪಾಗೋದು ಎಂ.ಎಲ್.ಎ. ಮನೆ ಬಾಗಿಲು, ಆಫೀಸರ್ ಮುಂದೆ ಕೈ ಕಟ್ಟಿ ನಿಲ್ಲೋದು. ಯಾರದ್ದೋ ಮುಖ ನೋಡಿ ಯಾರಿಗೋ ಕೆಲಸ ಕೊಡೋದು. ಆ ಅರ್ಥದಲ್ಲಿ ಶಿಫಾರಸು ಕೆಟ್ಟದ್ದೇ. ಆದ್ರೆ ಈ ಅರ್ಜಿ ಕೇಳ್ತಿರೋದು ಅದನ್ನಲ್ಲ. ‘ಈ ಮಗು ಏನು ಮಾಡಬಲ್ಲಳು ಅಂತ ಕಣ್ಣಾರೆ ಕಂಡವರು ಯಾರಾದ್ರೂ ಇದಾರಾ?’ ಅಂತ ಕೇಳ್ತಿದೆ. ಪಂಚಾಯ್ತಿ ಕಟ್ಟೇಲಿ ಸಾಕ್ಷಿ ಕೇಳೋ ಹಾಗೆ. ಪೇಟೆ ಮಕ್ಕಳಿಗೆ ಸಾಕ್ಷಿ ಮನೆಯಲ್ಲೇ ಇರ್ತಾರೆ. ಚಿಕ್ಕಪ್ಪ ಎಂಜಿನಿಯರ್, ಪಕ್ಕದ ಮನೆಯವರು ಪ್ರೊಫೆಸರ್. ಒಂದು ಫೋನ್ ಸಾಕು. ನಮ್ಮ ಮಕ್ಕಳಿಗೆ ಬುದ್ಧಿ ಇದೆ, ಸಾಕ್ಷಿ ಇಲ್ಲ.

ಸಾಕ್ಷಿ ಇದ್ರೆ ಏನಾಗುತ್ತೆ ಅನ್ನೋಕೆ ಒಂದು ನಿಜವಾದ ಕಥೆ ಹೇಳ್ತೀನಿ. ನಮ್ಮ ಬೆಟ್ಟ ಇಳಿದು ಹೋದ್ರೆ ಸಿಗೋ ಈರೋಡಿನಲ್ಲಿ 1887ರಲ್ಲಿ ಹುಟ್ಟಿದ ಶ್ರೀನಿವಾಸ ರಾಮಾನುಜನ್ ಹೆಸರು ಮಕ್ಕಳಿಗೆಲ್ಲ ಗೊತ್ತು. ಆತ ಮಹಾ ಗಣಿತಜ್ಞ ಅಂತ ಪಾಠದಲ್ಲಿ ಇದೆ. ಆತ ಕಾಲೇಜಿನ ಎಫ್.ಎ. ಪರೀಕ್ಷೆಯಲ್ಲಿ ಫೇಲಾದವನು ಅಂತಲೂ ಕೆಲವರಿಗೆ ಗೊತ್ತು. ಕುಂಭಕೋಣದಲ್ಲಿ ಲೆಕ್ಕ ಬಿಟ್ಟು ಬೇರೇನೂ ಓದಲಿಲ್ಲ, ಸ್ಕಾಲರ್‌ಷಿಪ್ ಹೋಯ್ತು. ಮದ್ರಾಸಿನ ಪಚ್ಚಯ್ಯಪ್ಪ ಕಾಲೇಜಿಗೆ ಬಂದ, ಅಲ್ಲೂ ಪಾಸಾಗಲಿಲ್ಲ. ಡಿಗ್ರಿ ಇಲ್ಲ, ಕೆಲಸ ಇಲ್ಲ, ಕೈಯಲ್ಲಿ ಎರಡು ನೋಟ್‌ಬುಕ್ಕು. ಆಮೇಲೆ ಏನಾಯ್ತು ಅನ್ನೋದನ್ನ ಗಮನವಿಟ್ಟು ಕೇಳಿ, ನಮಗೆ ಬೇಕಾಗಿರೋದು ಅದೇ.

ಆ ನೋಟ್‌ಬುಕ್ ಹಿಡ್ಕೊಂಡು ಆತ ಡೆಪ್ಯುಟಿ ಕಲೆಕ್ಟರ್ ಆಗಿದ್ದ ವಿ. ರಾಮಸ್ವಾಮಿ ಅಯ್ಯರ್ ಹತ್ರ ಹೋದ. ಅವರು 1907ರಲ್ಲಿ ಗಣಿತ ಸಂಘ ಕಟ್ಟಿದವರು. ಅವರು ನೋಡಿ, ಗಣಿತದ ಮೇಷ್ಟ್ರು ಶೇಷು ಅಯ್ಯರ್ ಹತ್ರ ಕಳಿಸಿದರು. ಅಲ್ಲಿಂದ ನೆಲ್ಲೂರಿನ ಕಲೆಕ್ಟರ್ ರಾಮಚಂದ್ರ ರಾವ್ ಹತ್ರ. ಅವರು ತಮ್ಮ ಜೇಬಿಂದ ತಿಂಗಳಿಗೆ 25 ರೂಪಾಯಿ ಕೊಟ್ಟರು. 1912ರ ಫೆಬ್ರವರಿಯಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟಿಗೆ ಗುಮಾಸ್ತೆ ಕೆಲಸಕ್ಕೆ ಅರ್ಜಿ ಹಾಕುವಾಗ ಪ್ರೆಸಿಡೆನ್ಸಿ ಕಾಲೇಜಿನ ಗಣಿತ ಪ್ರೊಫೆಸರ್ ಮಿಡಲ್‌ಮಾಸ್ಟ್ ಶಿಫಾರಸು ಬರೆದುಕೊಟ್ಟರು. ಈ ಯುವಕನಿಗೆ ಗಣಿತದಲ್ಲಿ ತೀರಾ ಅಪರೂಪದ ಶಕ್ತಿ ಇದೆ ಅನ್ನೋದು ಅದರ ಸಾರ. ಮಾರ್ಚ್ 1ಕ್ಕೆ ಕೆಲಸ ಸಿಕ್ಕಿತು, ತಿಂಗಳಿಗೆ 30 ರೂಪಾಯಿ.

ಪೋರ್ಟ್ ಟ್ರಸ್ಟಿನ ಅಧ್ಯಕ್ಷ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಒಬ್ಬ ಎಂಜಿನಿಯರ್. ರೈಲು, ಸೇತುವೆ, ಬಂದರು ಅವರ ಬದುಕು. ಆತನಿಗೆ ಸಿಕ್ಕಿದ ಇನ್ನೊಬ್ಬರು ಗ್ರಿಫಿತ್, ಮದ್ರಾಸಿನ ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು. ರಾಮಾನುಜನ್ ಬರೆದದ್ದರ ಬೆಲೆ ಕಟ್ಟೋದು ತಮ್ಮ ಕೈಲಿ ಆಗಲ್ಲ ಅಂತ ಗ್ರಿಫಿತ್‌ಗೆ ಗೊತ್ತಿತ್ತು. ಅಲ್ಲಿಗೇ ಬಿಡಬಹುದಿತ್ತು. ಆದ್ರೆ 1912ರ ನವೆಂಬರ್‌ನಲ್ಲಿ ಲಂಡನ್ನಿನ ತಮ್ಮ ಹಳೇ ಪ್ರೊಫೆಸರ್ ಹಿಲ್ ಅವರಿಗೆ ಪತ್ರ ಬರೆದು, ನೀವು ನೋಡಿ ಹೇಳಿ ಅಂದರು. ನನಗೆ ಈ ಕಥೆಯಲ್ಲಿ ಹಾರ್ಡಿಗಿಂತ ಈ ಗ್ರಿಫಿತ್ ಹೆಚ್ಚು ಇಷ್ಟ. ತಿಳಿಯದ ವಿಷಯವನ್ನ ತಿಳಿದವರ ಮುಂದೆ ಇಟ್ಟ ಮನುಷ್ಯ. 1913ರ ಜನವರಿಯಲ್ಲಿ ರಾಮಾನುಜನ್ ಕೇಂಬ್ರಿಡ್ಜಿನ ಹಾರ್ಡಿಗೆ ಬರೆದದ್ದು ಎಲ್ಲರಿಗೂ ಗೊತ್ತು. ಅದೇ ಫೆಬ್ರವರಿಯಲ್ಲಿ ಹವಾಮಾನ ಇಲಾಖೆಯ ಗಿಲ್ಬರ್ಟ್ ವಾಕರ್ ಮದ್ರಾಸಿಗೆ ಬಂದಾಗ ಸ್ಪ್ರಿಂಗ್ ಆ ನೋಟ್‌ಬುಕ್ ತೋರಿಸಿದರು. ವಾಕರ್ ವಿಶ್ವವಿದ್ಯಾಲಯಕ್ಕೆ ಶಿಫಾರಸು ಬರೆದರು. ಡಿಗ್ರಿಯೇ ಇಲ್ಲದವನಿಗೆ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನ ಸಿಕ್ಕಿತು.

ಲೆಕ್ಕ ಹಾಕಿ. ಎಷ್ಟು ಜನ ಆದರು? ಡೆಪ್ಯುಟಿ ಕಲೆಕ್ಟರ್, ಕಲೆಕ್ಟರ್, ಇಬ್ಬರು ಗಣಿತದ ಮೇಷ್ಟ್ರು, ಇಬ್ಬರು ಎಂಜಿನಿಯರ್, ಒಬ್ಬ ಹವಾಮಾನ ವಿಜ್ಞಾನಿ. ರಾಮಾನುಜನ್ ಬಡವ, ನಿಜ. ಹಸಿವು ಕಂಡವನು, ನಿಜ. ಆತನ ಬುದ್ಧಿಗೆ ನಾನು ತಲೆ ಬಾಗ್ತೀನಿ. ಆದ್ರೆ ಆತ ಒಬ್ಬ ಅಧಿಕಾರಿಯ ಮನೆ ಜಗಲಿ ಹತ್ತಿದಾಗ ಹೊರಗೆ ನಿಲ್ಲು ಅಂತ ಯಾರೂ ಅನ್ನಲಿಲ್ಲ. ನೋಟ್‌ಬುಕ್ಕನ್ನ ಕೈಯಿಂದ ಕೈಗೆ ತಗೊಂಡರು. ಅದೇ ಕಾಲದಲ್ಲಿ ಅದೇ ಜಿಲ್ಲೆಗಳ ಚೇರಿಗಳಲ್ಲಿ ಹುಟ್ಟಿ, ಲೆಕ್ಕದಲ್ಲಿ ಚುರುಕಾಗಿದ್ದ ಮಕ್ಕಳ ನೋಟ್‌ಬುಕ್ ಎಲ್ಲಿದೆ? ಅವರಿಗೆ ನೋಟ್‌ಬುಕ್ಕೇ ಇರಲಿಲ್ಲ. ಇದ್ದಿದ್ರೂ ಜಗಲಿ ಹತ್ತಬೇಕಿತ್ತಲ್ಲ.

ನಮ್ಮವರಲ್ಲಿ ಒಬ್ಬರು ಹತ್ತಿದರು. ಮುಂಬಯಿಯ ಚರ್ನಿ ರೋಡ್ ಉದ್ಯಾನದಲ್ಲಿ ಶಾಲೆ ಬಿಟ್ಟ ಮೇಲೆ ಒಬ್ಬ ಹುಡುಗ ದಿನಾ ಕೂತು ಓದೋನು. ಕೃಷ್ಣಾಜಿ ಅರ್ಜುನ ಕೆಳುಸ್ಕರ್ ಅನ್ನೋ ಹೆಡ್‌ಮಾಸ್ಟರು ಅಲ್ಲೇ ಬಂದು ಕೂರೋರು. ದಿನಾ ನೋಡಿದರು, ಒಂದು ದಿನ ಮಾತಾಡಿಸಿದರು, ಯಾರಪ್ಪ ನೀನು ಅಂತ. 1907ರಲ್ಲಿ ಆ ಹುಡುಗ ಮೆಟ್ರಿಕ್ ಪಾಸಾದಾಗ ತಾವೇ ಬರೆದ ಬುದ್ಧನ ಚರಿತ್ರೆಯನ್ನ ಉಡುಗೊರೆ ಕೊಟ್ಟರು. ಮುಂದೆ ಕಾಲೇಜಿಗೆ ದುಡ್ಡಿಲ್ಲ ಅಂದಾಗ ಬರೋಡಾದ ಸಯಾಜಿರಾವ್ ಮಹಾರಾಜರ ಮುಂದೆ ನಿಲ್ಲಿಸಿದರು. ತಿಂಗಳಿಗೆ 25 ರೂಪಾಯಿ ಸ್ಕಾಲರ್‌ಷಿಪ್. ನೋಡಿ, ರಾಮಚಂದ್ರ ರಾವ್ ರಾಮಾನುಜನ್‌ಗೆ ಕೊಟ್ಟದ್ದೂ 25. ಆ ಹುಡುಗ ಯಾರು ಅಂತ ಹೇಳಬೇಕಾಗಿಲ್ಲ, ನಮ್ಮ ಹಿಂದೆ ಫೋಟೋದಲ್ಲಿ ಇದಾರೆ.

ಬಾಬಾಸಾಹೇಬರು 1913ರಲ್ಲಿ ಅಮೆರಿಕದ ಕೊಲಂಬಿಯಾಕ್ಕೆ ಹೋದದ್ದು ಬರೋಡಾದ ಸ್ಕಾಲರ್‌ಷಿಪ್ ಮೇಲೇ. ಅಲ್ಲಿ ಅವರ ಗುರು ಸೆಲಿಗ್ಮನ್. ಮಧ್ಯದಲ್ಲಿ ನಿಂತಿದ್ದ ಓದನ್ನ ಮುಗಿಸೋಕೆ 1920ರಲ್ಲಿ ಮತ್ತೆ ಲಂಡನ್ನಿಗೆ ಹೋದಾಗ, ಸೆಲಿಗ್ಮನ್ ಅಲ್ಲಿನ ಪ್ರೊಫೆಸರ್ ಫಾಕ್ಸ್‌ವೆಲ್‌ಗೆ ಇವರ ಬಗ್ಗೆ ಪತ್ರ ಬರೆದರು. ಫಾಕ್ಸ್‌ವೆಲ್ ಕಾಲೇಜಿನ ಕಾರ್ಯದರ್ಶಿಗೆ ಬರೆದರು, ಈತನಿಗೆ ಇಲ್ಲಿ ಗೆಲ್ಲೋಕೆ ಇನ್ನೇನು ಉಳಿದಿದೆ ಅನ್ನೋ ಅರ್ಥ ಬರೋ ಹಾಗೆ. ಗುರು ಒಂದು ಪತ್ರ ಬರೆದು ಕೈ ತೊಳ್ಕೊಳ್ಳಲಿಲ್ಲ. 1925ರಲ್ಲಿ ಬಾಬಾಸಾಹೇಬರ ಪ್ರಾಂತೀಯ ಹಣಕಾಸಿನ ಪುಸ್ತಕ ಅಚ್ಚಾದಾಗ ಅದಕ್ಕೆ ಮುನ್ನುಡಿ ಬರೆದದ್ದೂ ಇದೇ ಸೆಲಿಗ್ಮನ್.

ತಮಗೆ ಸಿಕ್ಕಿದ ಸಾಕ್ಷಿ ತಮ್ಮ ಹಿಂದೆ ಬರೋ ಮಕ್ಕಳಿಗೆ ಸಿಗಲ್ಲ ಅಂತ ಬಾಬಾಸಾಹೇಬರಿಗೆ ಗೊತ್ತಿತ್ತು. ಎಷ್ಟು ಉದ್ಯಾನದಲ್ಲಿ ಎಷ್ಟು ಕೆಳುಸ್ಕರ್ ಕೂತಿರ್ತಾರೆ? ಅದಕ್ಕೆ 1942ರಲ್ಲಿ ವೈಸರಾಯ್‌ಗೆ ಕೊಟ್ಟ ಮನವಿಯಲ್ಲಿ ಅವರು ಬರೀ ಮೀಸಲಾತಿ ಕೇಳಲಿಲ್ಲ. ವಿಜ್ಞಾನ, ತಂತ್ರಜ್ಞಾನ ಓದೋರಿಗೆ ಸ್ಕಾಲರ್‌ಷಿಪ್ ಕೇಳಿದರು. ಸರ್ಕಾರಿ ಮುದ್ರಣಾಲಯಗಳಲ್ಲಿ, ರೈಲ್ವೆ ವರ್ಕ್‌ಶಾಪುಗಳಲ್ಲಿ ನಮ್ಮ ಹುಡುಗರನ್ನ ಅಪ್ರೆಂಟಿಸ್ ಆಗಿ ತಗೊಳ್ಳಿ ಅಂತ ಕೇಳಿದರು. ಈ ಮಾತು ನಮ್ಮ ಜಯಂತಿ ಭಾಷಣಗಳಲ್ಲಿ ಬರೋದೇ ಇಲ್ಲ. ಸಂವಿಧಾನ ಅಂತೀವಿ, ಬಾವಿ ಕೆರೆ ಅಂತೀವಿ, ವರ್ಕ್‌ಶಾಪ್ ಬಿಟ್ಟುಬಿಡ್ತೀವಿ. ಇವತ್ತು ಅಪ್ರೆಂಟಿಸ್ ಕಾಯ್ದೆಯ 3ಎ ಕಲಮಿನಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಜಾಗ ಕಾಯ್ದಿರಿಸಬೇಕು ಅಂತ ಇದೆ. ಅದು ಕಾನೂನು.

ನಮ್ಮ ನೀಲಗಿರಿಯನ್ನೂ ಮರೀಬಾರದು. ಅಯೋತ್ತಿದಾಸ ಪಂಡಿತರು 1891ರಲ್ಲಿ ಜನರನ್ನ ಸೇರಿಸಿ, ಓದು ಬೇಕು, ಓದಿದವರಿಗೆ ಸರ್ಕಾರಿ ಕೆಲಸ ಬೇಕು ಅಂತ ನಿರ್ಣಯ ಮಾಡಿಸಿದ್ದು ಊಟಿಯಲ್ಲೇ. ರೆಟ್ಟೈಮಲೈ ಶ್ರೀನಿವಾಸನ್ ಲೆಕ್ಕ ಬರೆಯೋ ಕೆಲಸ ಮಾಡಿದ್ದೂ ಇದೇ ಬೆಟ್ಟದಲ್ಲಿ. ಕೇಳೋ ಬುದ್ಧಿ ನಮಗೆ ಹೊಸದಲ್ಲ.

ಈಗ ನಮ್ಮ ಕೂಸಿನ ಪತ್ರಕ್ಕೆ ಬರ್ತೀನಿ. ಅವಳು ಸಹಾಯ ಆಗಲಿ ಅಂತ ತಾನೇ ಒಂದು ಮಾದರಿ ಪತ್ರ ಯಾರ ಹತ್ರಾನೋ ಇಸ್ಕೊಂಡು ಬಂದಿದ್ದಳು. ‘ಈಕೆ ಕಡುಬಡ ದಲಿತ ಕುಟುಂಬದ ಹೆಣ್ಣು ಮಗಳು, ತಂದೆ ಕೂಲಿ, ತುಂಬಾ ಕಷ್ಟಪಟ್ಟು ಓದುವವಳು, ವಿನಯಶೀಲೆ, ದಯವಿಟ್ಟು ಅವಕಾಶ ಕೊಡಿ.’ ಇದ್ರಲ್ಲಿ ಸುಳ್ಳು ಒಂದೂ ಇಲ್ಲ. ಆದ್ರೆ ಇದು ಸಾಕ್ಷಿ ಅಲ್ಲ, ಭಿಕ್ಷೆ. ಪಂಪಿನ ಕಾರ್ಖಾನೆಯವನಿಗೆ ಇದರಿಂದ ಏನು ತಿಳೀತು? ಅವನು ಅಯ್ಯೋ ಪಾಪ ಅಂದು ಪಕ್ಕಕ್ಕಿಡ್ತಾನೆ.

‘ಕಷ್ಟಪಟ್ಟು’ ಅನ್ನೋ ಮಾತಿನ ಬಗ್ಗೆ ನನಗೆ ಇನ್ನೊಂದು ತಕರಾರಿದೆ. ನಮ್ಮ ಜನರನ್ನ ಈ ದೇಶ ಯಾವತ್ತೂ ಕಷ್ಟಪಡೋರು ಅಂತಲೇ ಹೊಗಳಿದೆ. ಮಣ್ಣು ಹೊರುವಾಗ, ಸತ್ತ ದನ ಎಳೆಯುವಾಗ, ಎಸ್ಟೇಟಲ್ಲಿ ಸೊಪ್ಪು ಕೀಳುವಾಗ. ಬೆನ್ನು ಗಟ್ಟಿ ಅಂದರು, ತಲೆ ಗಟ್ಟಿ ಅನ್ನಲಿಲ್ಲ. ಅದಕ್ಕೆ ನಾನು ಪತ್ರದಲ್ಲಿ ಅವಳ ತಲೆ ಮಾಡಿದ ಕೆಲಸವನ್ನ ಬರೆದೆ. ಅದು ನಿಮಗೆಲ್ಲ ಗೊತ್ತಿರೋ ವಿಷಯವೇ, ನಮ್ಮ ನೀರಿನ ಟ್ಯಾಂಕಿನದ್ದು.

ಎರಡು ವರ್ಷದ ಹಿಂದಿನ ಬೇಸಿಗೆ ನೆನಪಿದೆಯಾ? ಬೆಳಗ್ಗೆ ಎದ್ದರೆ ಟ್ಯಾಂಕಲ್ಲಿ ನೀರು ಕಮ್ಮಿ. ಮೇಲಿನ ಬೀದಿಯವರು ಕೆಳಗಿನ ಬೀದಿಯವರನ್ನ ಬಯ್ಯೋದು, ಅವರು ಇವರನ್ನ. ರಾತ್ರಿ ಯಾರೋ ಕದ್ದು ನೀರು ಬಿಟ್ಕೋತಾರೆ ಅಂತ ಮಾತು. ಆಗ ಈ ಹುಡುಗಿ ಮನೆ ಮನೆಗೆ ಹೋಗಿ, ‘ಚಿಕ್ಕಮ್ಮ, ಮೂರು ರಾತ್ರಿ ಯಾರೂ ನಲ್ಲಿ ತಿರುಗಿಸಬೇಡಿ, ಸಂಜೆ ಏಳರೊಳಗೆ ಹಿಡಿದಿಟ್ಕೊಳ್ಳಿ’ ಅಂತ ಹೇಳಿ ಬಂದಳು. ನೀರು ಬಿಡೋ ಅಣ್ಣನ ಕೈಲಿ ಟ್ಯಾಂಕಿನೊಳಗೆ ಅಳತೆ ಕೋಲು ಇಳಿಸಿದಳು. ಟ್ಯಾಂಕಿನ ತಳ 2 ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ, ಅಂದ್ರೆ 5 ಚದರ ಮೀಟರ್. ಸಂಜೆ 7ಕ್ಕೆ ಒಂದು ಗುರುತು, ಬೆಳಗ್ಗೆ 6ಕ್ಕೆ ಇನ್ನೊಂದು. ಮೊದಲ ರಾತ್ರಿ ನೀರು 12 ಸೆಂಟಿಮೀಟರ್ ಇಳಿದಿತ್ತು. 5ನ್ನು 0.12ರಿಂದ ಗುಣಿಸಿ, 0.6 ಘನ ಮೀಟರ್, ಅಂದ್ರೆ 600 ಲೀಟರ್. ಒಬ್ಬರೂ ನಲ್ಲಿ ಮುಟ್ಟದೆ 11 ಗಂಟೆಯಲ್ಲಿ 600 ಲೀಟರ್ ಹೋಗಿದೆ.

ಎರಡನೇ ರಾತ್ರಿ ಕೆಳಗಿನ ಬೀದಿಯ ವಾಲ್ವ್ ಮುಚ್ಚಿಸಿದಳು. ನೀರು ಇಳಿದದ್ದು 1 ಸೆಂಟಿಮೀಟರ್ ಅಷ್ಟೇ. ನಾನಾಗಿದ್ರೆ ಅಲ್ಲಿಗೇ ನಿಲ್ಲಿಸಿ, ಸಿಕ್ಕಿತು ಅಂತ ಕೂಗ್ತಿದ್ದೆ. ಅವಳು ಮೂರನೇ ರಾತ್ರಿ ಕೆಳಗಿನದ್ದು ತೆಗೆಸಿ, ಮೇಲಿನ ಬೀದಿಯದ್ದು ಮುಚ್ಚಿಸಿದಳು. ಮತ್ತೆ 12. ಆಗ ನೋಟ್‌ಬುಕ್ಕಲ್ಲಿ ಬರೆದಳು: ಸೋರಿಕೆ ಕೆಳಗಿನ ಸಾಲಿನಲ್ಲಿದೆ, ಕಳ್ಳತನ ಇಲ್ಲ. ಅಗೆದು ನೋಡಿದಾಗ ಆನೆ ದಾಟೋ ಜಾಗದಲ್ಲಿ ಪೈಪು ಬಿರುಕು ಬಿಟ್ಟಿತ್ತು. ಬೀದಿ ಜಗಳ ನಿಂತಿತು.

ಇದೇ ನನ್ನ ಪತ್ರ. ಅವಳು ಅಳೆದದ್ದು ಏನು, ಹೇಗೆ, ಎಷ್ಟು ಬಂತು, ಉತ್ತರ ಸಿಕ್ಕಿದ ಮೇಲೂ ಯಾಕೆ ಮೂರನೇ ಸಲ ಅಳೆದಳು. ಎಂಜಿನಿಯರ್ ಆದವನು ಇದನ್ನ ಓದಿದ್ರೆ, ಈಕೆ ಮೆಕ್ಯಾನಿಕಲ್ಲಾ ಎಲೆಕ್ಟ್ರಿಕಲ್ಲಾ ಅಂತ ಕೇಳಲ್ಲ ಅಂತ ನನ್ನ ನಂಬಿಕೆ. ಪತ್ರದ ಜೊತೆ ಆ ನೋಟ್‌ಬುಕ್ಕಿನ ಮೂರು ಪುಟದ ಜೆರಾಕ್ಸ್ ಇಟ್ಟಿದೀನಿ. ನೀರು ಬಿಡೋ ಅಣ್ಣನೂ ತಮಿಳಲ್ಲಿ ನಾಲ್ಕು ಸಾಲು ಬರೆದು ಸಹಿ ಹಾಕಿದಾರೆ, ‘ನಾನು ಕೋಲು ಇಳಿಸಿದೆ, ಈ ಮಗು ಲೆಕ್ಕ ಬರೀತು’ ಅಂತ. ಲೆಟರ್‌ಹೆಡ್ ಇಲ್ಲ. ಆದ್ರೆ ಮೂರು ರಾತ್ರಿಯ ಅಳತೆಗೂ ಟ್ಯಾಂಕಿನ ಹತ್ರ ನಿಂತಿದ್ದವರು ಅವರೇ ತಾನೆ?

ಜಾತಿಯನ್ನ ಪತ್ರದಲ್ಲಿ ಬರೀಬೇಕಾ ಅಂತ ಸಂಘದ ಹುಡುಗರು ಕೇಳಿದರು. ನನ್ನ ಅಭಿಪ್ರಾಯ ಹೇಳ್ತೀನಿ, ಒಪ್ಪದೇ ಇರಬಹುದು. ಎಲ್ಲಿ ಕಾನೂನು ನಮಗೆ ಜಾಗ ಕೊಟ್ಟಿದೆಯೋ ಅಲ್ಲಿ ಕಮ್ಯುನಿಟಿ ಸರ್ಟಿಫಿಕೇಟ್ ಇಡಿ, ತಲೆ ಎತ್ತಿ ಇಡಿ, ಅದು ಹಕ್ಕು. ಶಿಫಾರಸು ಪತ್ರ ಬೇರೆ. ಅದು ಕೆಲಸದ ಸಾಕ್ಷಿ. ಹಕ್ಕನ್ನ ಕರುಣೆ ಜೊತೆ ಕಲಸಿದ್ರೆ ಎರಡೂ ಕೆಡುತ್ತೆ. ಮುಚ್ಚಿಡಿ ಅಂತ ನಾನು ಹೇಳ್ತಿಲ್ಲ. ನಮ್ಮ ಸಂಘದ ಹೆಸರು ಪತ್ರದ ತಲೆ ಮೇಲೇ ಇದೆ, ಓದೋರು ಓದ್ಕೋತಾರೆ.

ಗಣಿತ ಓದಿದವರಿಗೆ ಪಂಪಿನ ಕಾರ್ಖಾನೆಯಲ್ಲಿ ಏನು ಕೆಲಸ ಅಂತ ಅವಳ ಅಪ್ಪನೇ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳ್ತೀನಿ. ನಮ್ಮ ಹಿರಿಯರಲ್ಲಿ ಎಷ್ಟೋ ಜನ ಮೈಸೂರು ಸೀಮೆಯಿಂದ ಈ ಕಡೆ ಕೂಲಿಗೆ ಬಂದವರು. ಸಿಂಗಾರದ ಪೈಕಾರ ವಿದ್ಯುತ್ ಕೇಂದ್ರ 1932ರಲ್ಲಿ ಶುರುವಾಯ್ತು. ಅದರಿಂದ ಹೊರಬಿದ್ದ ನೀರನ್ನೇ ಮರವಕಂಡಿಯಲ್ಲಿ ಹಿಡಿದು, ಮೋಯಾರ್ ಕೇಂದ್ರ ಆಮೇಲೆ 1950ರ ದಶಕದಲ್ಲಿ ಬಂತು, 36 ಮೆಗಾವ್ಯಾಟಿನದ್ದು. 2005ರಲ್ಲಿ ಸಿಂಗಾರದ ಬೆಟ್ಟದೊಳಗೇ 150 ಮೆಗಾವ್ಯಾಟಿನ ಹೊಸ ಕೇಂದ್ರ ಬಂತು. ಕಾಲುವೆ ಅಗೆದವರು, ಕಲ್ಲು ಹೊತ್ತವರು ಯಾರು ಅಂತ ಮಸಿನಗುಡಿಯ ಯಾವ ಅಜ್ಜಿಯನ್ನ ಕೇಳಿದ್ರೂ ಹೇಳ್ತಾರೆ.

ಮೇಲಿಂದ ಸಿಂಗಾರಕ್ಕೆ ನೀರು ಸುಮಾರು 3000 ಅಡಿ ಬೀಳುತ್ತೆ. 900 ಮೀಟರ್ ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ 1000 ಲೀಟರ್ ನೀರು ಬಿದ್ದರೆ, 1000 ಕಿಲೋ, ಅದನ್ನ 9.8ರಿಂದ ಗುಣಿಸಿ, ಮತ್ತೆ 900ರಿಂದ ಗುಣಿಸಿ. 88 ಲಕ್ಷದ 20 ಸಾವಿರ ವ್ಯಾಟ್, ಹತ್ರ ಹತ್ರ 8.8 ಮೆಗಾವ್ಯಾಟ್. ಯಂತ್ರದಲ್ಲಿ ಸ್ವಲ್ಪ ಹೋಗುತ್ತೆ, ಇರಲಿ. ಪಂಪು ಅಂದ್ರೆ ಇದೇ ಲೆಕ್ಕ ತಿರುಗಾಮುರುಗಾ. ಸೆಕೆಂಡಿಗೆ 1 ಲೀಟರ್ ನೀರನ್ನ 9 ಮೀಟರ್ ಎತ್ತಬೇಕಾದ್ರೆ ಕಮ್ಮಿ ಅಂದ್ರೂ 88 ವ್ಯಾಟ್ ಬೇಕು. ನಿಜವಾಗಿ ಪಂಪು ಎಷ್ಟು ಕರೆಂಟ್ ತಿನ್ನುತ್ತೆ, ಅದರಲ್ಲಿ ಎಷ್ಟು ನೀರಿಗೆ ಹೋಗುತ್ತೆ, ಎಷ್ಟು ಬಿಸಿಯಾಗಿ ಹಾಳಾಗುತ್ತೆ ಅಂತ ಅಳೆಯೋದೇ ಪಂಪು ಪರೀಕ್ಷೆ. ದಿನಕ್ಕೆ ನೂರು ಸಲ ಅಳೆದು, ನಕ್ಷೆ ಎಳೆದು, ಯಾವ ಅಳತೆ ಸುಳ್ಳು ಹೇಳ್ತಿದೆ ಅಂತ ಕಂಡುಹಿಡಿಯೋಕೆ ಗಣಿತದೋರು ಬೇಡ್ವಾ? ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಸ್ಕೂಲಲ್ಲಿ ತಮಿಳು, ಕಾಲೇಜಲ್ಲಿ ಇಂಗ್ಲಿಷ್. ಮೂರು ಕಡೆ ಮೂರು ನಾಲಿಗೆ. ಗಣಿತ ಒಂದೇ ಮೂರೂ ಕಡೆ ಬದಲಾಗದೆ ಜೊತೆಗೆ ಬಂದದ್ದು. ತಮಿಳುನಾಡಲ್ಲಿ ಎಂಜಿನಿಯರಿಂಗ್ ಕಟ್ ಆಫ್ 200 ಅಂಕಕ್ಕೆ, ಅದರಲ್ಲಿ 100 ಗಣಿತದ್ದೇ. ಪ್ಲಸ್ ಟೂ ಓದ್ತಿರೋ ಮಕ್ಕಳು ಇದನ್ನ ನೆನಪಿಟ್ಕೊಳ್ಳಿ. ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ 2021ರಿಂದ ಶೇಕಡಾ 7.5 ಜಾಗ ಬೇರೆ ಇದೆ, ಫೀಸು ಸರ್ಕಾರದ್ದು.

ಪತ್ರ ಗೆದ್ದಿತು ಅಂತಲೇ ಇಟ್ಟುಕೊಳ್ಳೋಣ. ಮುಂದೆ? ಇಲ್ಲಿ ಮತ್ತೆ ಬಾಬಾಸಾಹೇಬರ ಬದುಕೇ ನಮಗೆ ಪಾಠ. 1917ರಲ್ಲಿ, ಅಷ್ಟು ದೊಡ್ಡ ಓದು ಓದಿ, ಅಷ್ಟು ದೊಡ್ಡವರ ಶಿಫಾರಸು ಇದ್ದು, ಬರೋಡಾ ಸಂಸ್ಥಾನದಲ್ಲಿ ಕೆಲಸಕ್ಕೆ ಸೇರಿದರು. ಕೆಲಸ ಇತ್ತು. ತಲೆ ಮೇಲೆ ಸೂರು ಸಿಗಲಿಲ್ಲ. ಒಂದು ಪಾರ್ಸಿ ಛತ್ರದಲ್ಲಿ ಇದ್ದರು, ಜಾತಿ ತಿಳಿದ ಮೇಲೆ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. ಕೆಲಸ ಬಿಟ್ಟು ಮುಂಬಯಿಗೆ ವಾಪಸ್. ಪತ್ರ ಬಾಗಿಲು ತೆರೆಯುತ್ತೆ, ರಾತ್ರಿ ಮಲಗೋಕೆ ಜಾಗ ಕೊಡಲ್ಲ.

ಕೊಯಮತ್ತೂರು ಬರೋಡಾ ಅಲ್ಲ, ಈಗ 1917 ಅಲ್ಲ. ಆದ್ರೂ ಮನೆ ಬಾಡಿಗೆ ಕೇಳೋಕೆ ಹೋದಾಗ ‘ನೀವು ಯಾವ ಕಡೆಯವರು’ ಅನ್ನೋ ಪ್ರಶ್ನೆಯ ಅರ್ಥ ನಮಗೆಲ್ಲ ಗೊತ್ತು. 6 ವಾರಕ್ಕೆ ಒಂದು ಹಾಸಿಗೆ, ಊಟ, ಬಸ್ಸು ಸೇರಿ 10,000 ರೂಪಾಯಿ ಹತ್ರ ಬೇಕು ಅಂತ ಅವಳೇ ಲೆಕ್ಕ ಬರೆದಿದಾಳೆ. ಕಾರ್ಖಾನೆಯವರು ಕೊಡೋ ಭತ್ಯೆ ಕೊನೆಯಲ್ಲಿ ಸಿಗೋದು. ಎಷ್ಟೋ ಮಕ್ಕಳು ಆಯ್ಕೆಯಾಗಿಯೂ ಹೋಗದೇ ಇರೋದು ಈ ಮೊದಲ ತಿಂಗಳ ದುಡ್ಡಿಗೆ. ಕೊಯಮತ್ತೂರಲ್ಲಿ ಮಗಳನ್ನೋ ತಂಗಿಯನ್ನೋ ಕೊಟ್ಟಿರೋರು ಇಲ್ಲಿ ನಾಲ್ಕೈದು ಮನೆಯವರಿದೀರಿ. ಊಟ ಆದ ಮೇಲೆ ನನ್ನ ಹತ್ರ ಒಂದು ಮಾತು ಆಡಿ ಹೋಗಿ.

ಸಂಘದವರಿಗೆ ನನ್ನದು ಒಂದು ಕೋರಿಕೆ. ಕ್ರಿಕೆಟ್ ಟೂರ್ನಮೆಂಟಿನ ಸ್ಕೋರ್ ಪುಸ್ತಕ ಎಷ್ಟು ಚೆನ್ನಾಗಿ ಇಟ್ಟಿದೀರಿ, ಯಾವ ಓವರಲ್ಲಿ ಯಾರು ಔಟ್ ಅಂತ ಐದು ವರ್ಷದ್ದು ಇದೆ. ಅದೇ ಥರ ಇನ್ನೊಂದು ಪುಸ್ತಕ ಇಡಿ. ನಮ್ಮ ಮಕ್ಕಳು ಏನು ಮಾಡಿದರು, ಯಾವ ದಿನ, ಕಂಡವರು ಯಾರು. ಮೋಟಾರು ರಿಪೇರಿ ಮಾಡಿದ ಹುಡುಗ, ಚಿಕ್ಕ ಮಕ್ಕಳಿಗೆ ಭಾಗಾಕಾರ ಕಲಿಸಿದ ಹುಡುಗಿ, ಪಂಚಾಯ್ತಿಗೆ ಅರ್ಜಿ ಬರೆದುಕೊಟ್ಟವನು. ಕುರುಂಬರ, ಇರುಳರ ಮಕ್ಕಳದ್ದೂ ಬರೀರಿ, ಅವರಿಗೆ ನಮಗಿಂತ ಸಾಕ್ಷಿ ಕಮ್ಮಿ. ನಾಳೆ ಒಬ್ಬ ಪ್ರೊಫೆಸರೋ ವಾರ್ಡನ್ನೋ ಪತ್ರ ಬರೆಯೋಕೆ ಒಪ್ಪಿದಾಗ, ಅವರ ಮುಂದೆ ಇಡೋಕೆ ನಿಮ್ಮ ಹತ್ರ ಪುಟ ಇರಬೇಕು. ಓದು ಮುಗಿದವರು ಅಪ್ರೆಂಟಿಸ್ ಆಗಿ ಸೇರೋಕೆ ರಾಷ್ಟ್ರೀಯ ಯೋಜನೆ ಇದೆ. 2014ರ ತಿದ್ದುಪಡಿ ಆದ ಮೇಲೆ ಬಿ.ಎ., ಬಿ.ಎಸ್ಸಿ.ಯವರಿಗೂ ಅದು ತೆರೆದಿದೆ. ದಕ್ಷಿಣದ ಮಂಡಳಿ ಚೆನ್ನೈಯಲ್ಲಿದೆ. 2024ರಲ್ಲಿ ಶುರುವಾದ ಪ್ರಧಾನ ಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ ತಿಂಗಳಿಗೆ 5000 ರೂಪಾಯಿ ಅಂತ ಇಟ್ಟರು, ಆಗ ಪೂರ್ತಿ ಸಮಯ ಓದ್ತಿರೋರಿಗೆ ಅದು ಇರಲಿಲ್ಲ. ಇದನ್ನೆಲ್ಲ ಮೊಬೈಲಲ್ಲಿ ತುಂಬಬೇಕು. ಇಲ್ಲಿ ಸಿಗ್ನಲ್ ಸಿಗೋದು ಯಾವ ಬಂಡೆ ಮೇಲೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಕೊನೆಯದಾಗಿ, ಅರ್ಜಿಗೆ ಎರಡು ಪತ್ರ ಬೇಕು ಅಂದೆ. ಒಂದು ನನ್ನದು. ಎರಡನೆಯದು ಅವಳ ಕಾಲೇಜಿನ ಮೇಡಂ ಕೊಡ್ತೀನಿ ಅಂದಿದಾರೆ, ಬರೀ ಮಾರ್ಕಿನ ವಿಷಯ ಬರೀಬೇಡಿ ಮೇಡಂ ಅಂತ ಕೇಳ್ಕೊಳ್ಳೋಕೆ ಸೋಮವಾರ ನಾನೂ ಅವಳ ಜೊತೆ ಊಟಿಗೆ ಹೋಗ್ತಿದೀನಿ. ಟ್ಯಾಂಕಿನ ವಿಷಯ ನಿಜ ಅಂತ ಸಂಘದ ಪರವಾಗಿ ಅಧ್ಯಕ್ಷರು ಒಂದು ಸಹಿ ಹಾಕಬೇಕು. ಅಧ್ಯಕ್ಷರೇ, ಸುಮ್ಮನೆ ಹಾಕಬೇಡಿ. ಮೊದಲು ಆ ಮೂರು ಪುಟ ಓದಿ, ಗುಣಾಕಾರ ಸರಿ ಇದೆಯಾ ನೋಡಿ, ಆಮೇಲೆ ಹಾಕಿ. ಪೆನ್ನು ತಂದಿದೀನಿ.